ಗೇರಿನ ಕೈಗೆ ಒಂದು ದಿಂಬು

ಕಾರಿನ ಸೀಟು ಹೊಲಿಯುವ ಆ ಮನುಷ್ಯನಿಗೆ ತಂದೆತಾಯಿ ಇಟ್ಟ ಹೆಸರೊಂದು ಇದ್ದೇ ಇತ್ತು. ಅದು ಮದುವೆಯ ದಿನ ಒಮ್ಮೆ ಹೊರಗೆ ಬಂದು ಗಾಳಿ ಕುಡಿದು ಮತ್ತೆ ಪೆಟ್ಟಿಗೆ ಸೇರಿತೆಂದು ಕೇಳಿಕೆ. ಉಳಿದ ದಿನಗಳಲ್ಲಿ ಎಲ್ಲರಿಗೂ ಅವನು ಸೂಜಿ. ಮೈಕಟ್ಟೂ ಹೆಸರಿಗೆ ತಕ್ಕ ಹಾಗೇ ಇತ್ತು. ಅವನು ಪಕ್ಕಕ್ಕೆ ತಿರುಗಿ ನಿಂತರೆ ಅಂಗಡಿಯಲ್ಲಿ ಯಾರೂ ಇಲ್ಲವೆಂದು ಗಿರಾಕಿಗಳು ವಾಪಸು ಹೋಗುತ್ತಿದ್ದರು.

ಟೈರು ಅಂಗಡಿಗೂ ಗಾಜಿನ ಅಂಗಡಿಗೂ ನಡುವೆ, ಕಟ್ಟಿದವರು ಮರೆತು ಬಿಟ್ಟ ಸಂದಿಯಂಥ ಉದ್ದ ಕೋಣೆ ಅವನದು. ಕಿಟಕಿಯ ಹತ್ತಿರ ಹೊಲಿಗೆ ಯಂತ್ರ, ಗೋಡೆಗೆ ಒರಗಿಸಿದ ರೆಕ್ಸಿನ್ ಸುರುಳಿಗಳು, ಸೂರಿನವರೆಗೆ ಪೇರಿಸಿದ ಫೋಮ್ ಹಾಳೆಗಳು. ಅಂಟಿನ ವಾಸನೆ ಎಷ್ಟು ಗಟ್ಟಿಯೆಂದರೆ ಒಳಗೆ ಬಂದ ನೊಣ ಹಾರುತ್ತ ಹಾರುತ್ತಲೇ ಗಾಳಿಗೆ ಅಂಟಿಕೊಂಡು ನಿಲ್ಲುತ್ತಿತ್ತು. ಅಲ್ಲಿ ಕೂತು ಅವನು ಹೊಲಿದನೆಂದರೆ, ಎರಡು ತುಂಡು ಚರ್ಮಗಳಿಗೆ ತಾವು ಹಿಂದೊಮ್ಮೆ ಬೇರೆ ಬೇರೆ ಪ್ರಾಣಿಗಳಾಗಿದ್ದೆವು ಎನ್ನುವುದೇ ಮರೆತುಹೋಗುತ್ತಿತ್ತು.

ಸೀಟು, ಚಾವಣಿ, ಬಾಗಿಲ ಒಳಮೈ, ಏನು ತಂದರೂ ಹೊಲಿದುಕೊಡುತ್ತಿದ್ದ. ಆದರೆ ಅವನ ಜೀವ ಇದ್ದದ್ದು ಕೈದಿಂಬಿನಲ್ಲಿ. ಮುಂದಿನ ಎರಡು ಸೀಟುಗಳ ನಡುವೆ, ಓಡಿಸುವವರು ಎಡ ಮೊಣಕೈ ಊರಲೆಂದು ಕೂರಿಸುವ ಮೆತ್ತನೆಯ ಪೆಟ್ಟಿಗೆ ಅದು. ಗಿರಾಕಿಗಳು ಆರ್ಮ್‌ರೆಸ್ಟ್ ಎಂದು ಕೇಳಿಕೊಂಡು ಬರುತ್ತಿದ್ದರು, ಕೈದಿಂಬು ಎಂದು ಕಲಿತುಕೊಂಡು ಹೋಗುತ್ತಿದ್ದರು. ಅಳತೆ ತೆಗೆಯುವುದಕ್ಕೆ ಅವನದೇ ಒಂದು ಕ್ರಮ. ಟೇಪು ಮುಟ್ಟುತ್ತಿರಲಿಲ್ಲ. ಗಿರಾಕಿಯನ್ನು ಅವರವರ ಕಾರಿನಲ್ಲೇ ಕೂರಿಸಿ, ಕಣ್ಣು ಮುಚ್ಚಿಸಿ, ಅವರಿಗೆ ಪ್ರಿಯವಾದ ಯಾವುದಾದರೊಂದು ದೂರು ಹೇಳಿಸುತ್ತಿದ್ದ. ಕಣ್ಣು ತೆರೆದಿದ್ದರೆ ಮೈ ನೆಟ್ಟಗೆ ಕೂತು ಸುಳ್ಳು ಹೇಳುತ್ತದೆ. ಕಣ್ಣು ಮುಚ್ಚಿ ಬಾಯಿ ಬಿಟ್ಟರೆ ಮೈ ತನ್ನ ಪಾಡಿಗೆ ತಾನು ಬರುತ್ತದೆ ಎನ್ನುವುದು ಅವನ ಸಿದ್ಧಾಂತ. ಮಾತಿನ ನಡುವೆ ಮೊಣಕೈ, ಮೊಟ್ಟೆಗೆ ಕೂರುವ ಕೋಳಿಯಂತೆ ಆಚೆ ಈಚೆ ಸರಿದು, ಒಂದೆರಡು ಸಲ ಮಿಸುಕಿ, ಒಂದು ಕಡೆ ತಣ್ಣಗಾಗುತ್ತಿತ್ತು. ಅದರ ಕೆಳಗೆ ಫೋಮಿನ ತುಂಡುಗಳನ್ನು ಒಂದರ ಮೇಲೊಂದು ತೂರಿಸಿ, ಎತ್ತರ ಸಿಕ್ಕಿದ ಕೂಡಲೇ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದ. ಬ್ಯಾಂಕಿನವರೊಬ್ಬರು ಮೇಲಧಿಕಾರಿಯಿಂದ ಶುರುಮಾಡಿದ ದೂರು ಬೀಗರವರೆಗೆ ಬರುವಷ್ಟರಲ್ಲಿ ಅಂಗಡಿ ಮುಚ್ಚುವ ಹೊತ್ತಾಗಿತ್ತಂತೆ. ಆದರೆ ಆ ದಿಂಬು ಎಂಥದ್ದಾಯಿತೆಂದರೆ, ಅವರು ಕಾರು ಮಾರಿದರು, ದಿಂಬು ಮಾರಲಿಲ್ಲ.

ಇಂಥವನಿಗೆ ಒಡಹುಟ್ಟಿದವನೇ ಎದುರಾಳಿ. ಅವನ ಅಣ್ಣ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಅಪ್ಪ ತೀರಿಕೊಂಡಾಗ ಸೂಜಿ ಇನ್ನೂ ಚಿಕ್ಕವನು. ಅವನನ್ನು ಸಾಕಿ, ಸೀಟು ಹೊಲಿಯುವವರ ಹತ್ತಿರ ಕೆಲಸಕ್ಕೆ ಹಚ್ಚಿದವನು ಅಣ್ಣನೇ. ಹಾಗಾಗಿ ಅಣ್ಣನ ಮುಂದೆ ಸೂಜಿಗೆ ಎರಡು ಬಾಯಿ: ಒಂದು ಎದುರಾಡುವುದು, ಇನ್ನೊಂದು ಒಪ್ಪಿಕೊಳ್ಳುವುದು. ಎದುರಾಡುವ ಬಾಯಿ ಕೈದಿಂಬಿನ ವಿಷಯಕ್ಕೆ ಮಾತ್ರ ತೆರೆಯುತ್ತಿತ್ತು.

ಅಣ್ಣನ ಹತ್ತಿರ ಒಂದು ಸ್ಪೋರ್ಟ್ಸ್ ಕಾರಿತ್ತು. ಹೊಸದು ಕೊಳ್ಳುವ ಯೋಗ ಅವನ ಏಳು ತಲೆಮಾರಿಗೂ ಇರಲಿಲ್ಲ. ಗುಜರಿಯಲ್ಲಿ ಮುದುರಿದ ಕಾಗದದಂತೆ ಬಿದ್ದಿದ್ದನ್ನು ಎಳೆದು ತಂದು, ಬಿಡುವು ಸಿಕ್ಕಾಗಲೆಲ್ಲ ಬಡಿದು, ಬೆಸೆದು, ಎಬ್ಬಿಸಿ ನಿಲ್ಲಿಸಿದ್ದ. ಎರಡೇ ಸೀಟು. ನೆಲಕ್ಕೆ ಎಷ್ಟು ಹತ್ತಿರವೆಂದರೆ ಇರುವೆಗಳು ಅದರ ಕೆಳಗೆ ಹಾಯುವಾಗ ತಲೆ ತಗ್ಗಿಸುತ್ತಿದ್ದವು. ಹೊರಟಿತೆಂದರೆ ಅದರ ನೆರಳು ಒಂದು ತಿರುವು ಹಿಂದೆ ಉಳಿದು ಏದುಸಿರು ಬಿಡುತ್ತ ಬರುತ್ತಿತ್ತು. ಭಾನುವಾರ ಬೆಳಿಗ್ಗೆ ಅತ್ತಿಗೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರಾಚೆಯ ಗುಡ್ಡದ ತಿರುವುದಾರಿ ಹತ್ತಿ ಇಳಿಯುವುದು ಅವನ ಬದುಕಿನ ಏಕೈಕ ಐಷಾರಾಮ.

ಆ ಕಾರಿನ ಸೀಟು ಹೊಲಿದುಕೊಟ್ಟದ್ದು ಸೂಜಿಯೇ. ಆದರೆ ಸೀಟುಗಳ ನಡುವಿನ ಜಾಗ ಬೋಳು ತಗಡಾಗಿಯೇ ಉಳಿಯಿತು. ಅಲ್ಲಿ ಕೈದಿಂಬು ಕೂರಿಸುತ್ತೇನೆಂದು ತಮ್ಮ, ಕೂರಿಸಿದರೆ ಕೈ ಮುರಿಯುತ್ತೇನೆಂದು ಅಣ್ಣ. ಇಬ್ಬರ ತಲೆಗೂದಲು ಕಪ್ಪಗಿದ್ದಾಗ ಹುಟ್ಟಿದ ಜಗಳ. ಕೂದಲು ಉದುರಿತು, ಜಗಳ ಉದುರಲಿಲ್ಲ. ತೋಳೇನು ಹತ್ತಿಯೇ, ಗಂಟೆಗಟ್ಟಲೆ ಗಾಳಿಯಲ್ಲಿ ತೂಗುಹಾಕಿದರೆ ಭುಜ ಬಳಲುತ್ತದೆ, ಬಳಲಿದ ಭುಜ ಗೇರನ್ನು ಒನಕೆಯಂತೆ ಕುಟ್ಟುತ್ತದೆ ಎಂದು ಸೂಜಿ ವಾದಿಸುತ್ತಿದ್ದ. ನೇರ ಹೆದ್ದಾರಿಯಲ್ಲಿ ಆಕಳಿಸುತ್ತ ಹೋಗುವ ಕಾರಿಗೆ ಆ ಮಾತು ಸರಿ ಎಂದು ಅಣ್ಣ ಒಪ್ಪುತ್ತಿದ್ದ. ಸ್ಪೋರ್ಟ್ಸ್ ಕಾರಿನಲ್ಲಿ ಗೇರಿನ ಕೈಗೆ ಬಿಡುವೆಲ್ಲಿದೆ. ಎರಡನೇ ಗೇರಿಗೆ ಹಿಂದಕ್ಕೆಳೆದರೆ ಮೊಣಕೈ ಹೋಗಿ ದಿಂಬಿಗೆ ಬಡಿಯುತ್ತದೆ. ಅದೂ ಅಲ್ಲದೆ ಊರಿದ ಕೈ ನಿದ್ದೆ ಹೋಗುತ್ತದೆ, ಕೈಯ ಹಿಂದೆಯೇ ಯಜಮಾನನೂ ಹೋಗುತ್ತಾನೆ. ಒರಗುವ ಆಸೆಯಿದ್ದವನು ಸೋಫಾಕ್ಕೆ ಇಂಜಿನ್ ಹಾಕಿಸಿಕೊಳ್ಳಲಿ ಎನ್ನುವಲ್ಲಿಗೆ ಅಣ್ಣನ ಭಾಷಣ ಮುಗಿಯುತ್ತಿತ್ತು.

ಅತ್ತಿಗೆ ಶಾಲೆಯ ವ್ಯಾನು ಓಡಿಸುವವಳು. ಇಬ್ಬರೂ ತೀರ್ಪು ಕೇಳಿದರೆ, ತನ್ನ ವ್ಯಾನಿನಲ್ಲಿ ಸೀಟುಗಳ ನಡುವೆ ನೀರಿನ ಬಾಟಲಿ, ಒಂಟಿ ಸಾಕ್ಸು, ಯಾವುದೋ ಮಗುವಿನ ಉದುರಿದ ಹಲ್ಲು ಇವೆಯೆಂದೂ, ತನ್ನ ಮೊಣಕೈಗೆ ಅಲ್ಲಿ ಜಾಗ ಬೇಕಾದರೆ ಸಾಲಿನಲ್ಲಿ ನಿಲ್ಲಬೇಕೆಂದೂ ಹೇಳಿ ಎದ್ದುಹೋಗುತ್ತಿದ್ದಳು. ದಿನವೂ ಮಕ್ಕಳನ್ನು ತುಂಬಿಕೊಂಡು ಊರು ಸುತ್ತುವವಳಿಗೂ ಅಣ್ಣ ತನ್ನ ಕಾರು ಮುಟ್ಟಲು ಕೊಟ್ಟವನಲ್ಲ. ಪರರ ಕಾಲು ತಗುಲಿದರೆ ಅದರ ಕ್ಲಚ್ಚು ಮುನಿಸಿಕೊಳ್ಳುತ್ತದಂತೆ.

ಹೀಗಿರುವಾಗ ಒಂದು ಬೆಳಿಗ್ಗೆ ಅಣ್ಣನ ಕಾರು ಅಂಗಡಿಯ ಮುಂದೆ ಬಂದು ನಿಂತಿತು. ನಿಂತಿತು ಎನ್ನುವುದಕ್ಕಿಂತ ಎರಡು ಸಲ ಕೆಮ್ಮಿ, ಮುಗ್ಗರಿಸಿ, ಆಫ್ ಆಯಿತು ಎನ್ನಬೇಕು. ಸೂಜಿಗೆ ಆಗ ಅದು ಹೊಳೆಯಲಿಲ್ಲ. ಅಣ್ಣ ಒಳಗೆ ಬಂದು, ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತು, ರೆಕ್ಸಿನ್ ಸುರುಳಿಗಳನ್ನು ಎಣಿಸುವವನಂತೆ ನೋಡಿದ.

“ಆ ನಿನ್ನ ದಿಂಬು ಒಂದು ಮಾಡ್ಕೊಡು,” ಎಂದ.

“ಯಾರಿಗೆ?”

“ನನ್ನ ಕಾರಿಗೇ.”

ಸೂಜಿಯ ಕಾಲು ಅಂದು ನೆಲ ಮುಟ್ಟಲಿಲ್ಲ. ಚಪ್ಪಲಿ ಒಂದು ದಿನದ ಸವೆತ ಉಳಿಸಿಕೊಂಡಿತು. ಟೈರಿನವನಿಗೆ ಹೇಳಿದ, ಗಾಜಿನವನಿಗೆ ಹೇಳಿದ, ಪಂಚರಾಗಿ ನಿಂತಿದ್ದ ದಾರಿಹೋಕರಿಗೂ ಹೇಳಿದ. ಟೈರಿನವನು ನಂಬದೆ ಬಂದು, ಇದು ಅದೇ ಕಾರೇ ಎಂದು ಮುಟ್ಟಿ ನೋಡಿ ಹೋದ. ಸೋಫಾಕ್ಕೆ ಇಂಜಿನ್ ಯಾವಾಗ ಬರುತ್ತದೆ ಎಂದು ಸೂಜಿ ಕೆಣಕಿದ. ಕಾರಿನ ಬದಲು ಹಾಸಿಗೆಗೇ ಚಕ್ರ ಹಾಕಿಸಿಕೊಡಲೇ ಎಂದ. ಮಾತಿಗೆ ಮಾತು ಕೊಡದೆ ಊಟಕ್ಕೂ ಏಳದ ಅಣ್ಣ, ಎಲ್ಲವನ್ನೂ ತಲೆಯ ಮೇಲೆ ಹಾಕಿಸಿಕೊಂಡು, ಯಾವಾಗ ಕೊಡ್ತೀಯ ಎಂದು ಮಾತ್ರ ಕೇಳಿ ಹೋದ.

ಮನೆಯಲ್ಲಿ ಹೆಂಡತಿ ಎಲ್ಲ ಕೇಳಿ, ಅವರಿಗೆ ಈಗ ಯಾಕೆ ಬೇಕಾಯಿತಂತೆ ಎಂದಳು. ಗೆದ್ದವನು ಯಾಕೆ ಗೆದ್ದೆ ಎಂದು ವಿಚಾರಿಸುತ್ತ ಕೂರುವುದಿಲ್ಲ ಎಂದು ಸೂಜಿ ಅವಳ ಬಾಯಿ ಮುಚ್ಚಿಸಿದ. ಇಡೀ ಆಯುಷ್ಯ ಜನರ ಮೊಣಕೈ ಓದಿದವನು, ತನ್ನ ಅಣ್ಣ ಬಂದು ಕೇಳಿದ್ದನ್ನು ಸೋಲು ಎಂದು ಓದಿದ. ಅವನ ಕಸುಬಿನವರು ಮಾತ್ರ ಮಾಡಬಹುದಾದ ತಪ್ಪು ಅದು. ಒಳ್ಳೆಯ ದಿಂಬಿಗೆ ಜಗತ್ತು ಇವತ್ತಲ್ಲ ನಾಳೆ ಬಂದೇ ಬರುತ್ತದೆಂದು ಅವನು ಅಷ್ಟು ವರ್ಷ ಕಾದಿದ್ದ; ಬಂದದ್ದು ಏಕೆ ಎಂದು ನೋಡುವ ಕಣ್ಣೇ ಉಳಿದಿರಲಿಲ್ಲ.

ಅಳತೆಯ ದಿನ ಅಣ್ಣನನ್ನು ಕಾರಿನಲ್ಲಿ ಕೂರಿಸಿ ಕಣ್ಣು ಮುಚ್ಚಿಸಿದ. ದೂರು ಹೇಳಲು ಬರುವುದಿಲ್ಲ ಎಂದದ್ದಕ್ಕೆ ಗುಡ್ಡದ ದಾರಿಯ ವರ್ಣನೆ ಮಾಡಿಸಿದ. ಅಣ್ಣ ಒಂದೊಂದೇ ತಿರುವು ಹೇಳುತ್ತ ಹೋದ: ಇಲ್ಲಿ ಎರಡನೇ ಗೇರು, ಇಲ್ಲಿ ಬ್ರೇಕು ಮುಟ್ಟಬಾರದು, ಇಲ್ಲಿ ನಿನ್ನ ಅತ್ತಿಗೆ ಉಸಿರು ಹಿಡಿಯುತ್ತಾಳೆ. ಮೊಣಕೈ ಸರಿಯಲಿಲ್ಲ, ಮಿಸುಕಲಿಲ್ಲ. ಗಾಡಿಯಿಂದ ಇಳಿಸಿದ ಮೂಟೆಯಂತೆ ಬಿದ್ದಲ್ಲಿ ಬಿದ್ದಿತ್ತು. ಸೂಜಿ ಅದನ್ನು ಕಂಡ. ಕಂಡು, ಇದು ದಿಂಬಿನ ಮೇಲಿನ ಅಣ್ಣನ ತಿರಸ್ಕಾರ, ಮೊಣಕೈಯವರೆಗೂ ಇಳಿದಿದೆ ಎಂದುಕೊಂಡು ಗೆರೆ ಎಳೆದ.

ದಿಂಬು ಮಾಡಿದ್ದೇನೋ ಮಾಡಿದ. ಒಳಗೆ ಪ್ಲೈವುಡ್ಡಿನ ಹಂದರ, ಅದರ ಮೇಲೆ ಗಟ್ಟಿ ಫೋಮು, ಮೇಲೆ ಮೆತ್ತನೆಯ ಫೋಮು, ಹೊದಿಕೆಗೆ ಯಾರಿಗೂ ತೋರಿಸದೆ ಇಟ್ಟುಕೊಂಡಿದ್ದ ಬೂದು ಬಣ್ಣದ ಚರ್ಮ. ಅದರ ಮೇಲೆ ಕೈಯಿಟ್ಟರೆ ಕಲ್ಲಿನ ವಿಗ್ರಹಕ್ಕೂ ಜೋಂಪು ಹತ್ತುವಂತಿತ್ತು. ಕೊನೆಯ ಅಂಚನ್ನು ಅವನು ಯಂತ್ರದಲ್ಲಿ ಹೊಲಿಯುತ್ತಿರಲಿಲ್ಲ. ದಿಂಬನ್ನು ಕಾರಿನಲ್ಲಿ ಕೂರಿಸಿ, ಗಿರಾಕಿಯ ಕೈ ಅದರ ಮೇಲಿರುವಾಗಲೇ, ಕೈಯ ಭಾರಕ್ಕೆ ಚರ್ಮ ಎಷ್ಟು ತಗ್ಗುತ್ತದೆಂದು ನೋಡಿಕೊಂಡು ಬಾಗಿದ ಸೂಜಿಯಿಂದ ಹೊಲಿದು ಮುಚ್ಚುತ್ತಿದ್ದ.

ಹಾಗೇ ಹೊಲಿಯುತ್ತಿದ್ದ. ಅಣ್ಣ ಸ್ಟೇರಿಂಗ್ ಮುಂದೆ ಕೂತು ಗ್ಯಾರೇಜಿನ ಯಾವುದೋ ಹಟಮಾರಿ ಇಂಜಿನ್ನಿನ ಕಥೆ ಹೇಳುತ್ತಿದ್ದ. ನಗು ಬಂದು ಸೂಜಿಯ ಕೈ ಜಾರಿತು. ಬಾಗಿದ ಸೂಜಿ ಚರ್ಮ ದಾಟಿ ಅಣ್ಣನ ಮುಂಗೈಗೆ ಇಳಿಯಿತು; ಅಲ್ಪಸ್ವಲ್ಪವಲ್ಲ, ಎಳೆದು ತೆಗೆಯಬೇಕಾಯಿತು. ಅಣ್ಣ ಕಥೆ ನಿಲ್ಲಿಸಲಿಲ್ಲ. ಬೂದು ಚರ್ಮದ ಮೇಲೆ ಒಂದು ಹನಿ ರಕ್ತ ಬಿದ್ದು, ದುಂಡಗೆ ನಿಂತು, ನಿಧಾನಕ್ಕೆ ಹೊಲಿಗೆಯೊಳಗೆ ಇಳಿಯಿತು. ಅಣ್ಣನ ಕಥೆಯೊಳಗಿನ ಇಂಜಿನ್ ಕೊನೆಗೂ ಸ್ಟಾರ್ಟ್ ಆಗಿತ್ತು; ಅವನು ತಾನೇ ನಕ್ಕ. ಜೊತೆಗೆ ನಗುವವರು ಯಾರೂ ಇಲ್ಲದ್ದರಿಂದ ತಿರುಗಿ ನೋಡಿದ. ಮೊದಲು ತಮ್ಮನ ಮುಖ ನೋಡಿದ, ಆಮೇಲೆ ತನ್ನ ಕೈ.

“ಚುಚ್ಚಿದೆಯಾ?” ಎಂದ.

“ಗೊತ್ತಾಗ್ಲಿಲ್ವಾ ಅಣ್ಣ?”

ಅಣ್ಣ ಬಲಗೈಯಿಂದ ಎಡಗೈಯನ್ನು ಎತ್ತಿ, ರಕ್ತ ಒರೆಸಿ, ಬೇರೆಯವರ ಸಾಮಾನು ಇಟ್ಟ ಹಾಗೆ ತೊಡೆಯ ಮೇಲೆ ಇಟ್ಟುಕೊಂಡ. ಆಮೇಲೆ ಒಂದೊಂದಾಗಿ ಹೇಳಿದ. ಮೊದಮೊದಲು ಸ್ಪ್ಯಾನರು ಕೈಯಿಂದ ಜಾರುತ್ತಿತ್ತು, ಎಣ್ಣೆಯ ಕೈ ಎಂದುಕೊಂಡ. ಆಮೇಲೆ ಕೈ ಗೇರಿನ ಹತ್ತಿರ ತಡವಾಗಿ ಬರತೊಡಗಿತು; ಕರೆದರೆ ಬರುತ್ತದೆ, ಒಮ್ಮೊಮ್ಮೆ ಕರೆದರೂ ಬರುವುದಿಲ್ಲ. ಡಾಕ್ಟರು ಕುತ್ತಿಗೆಯ ನರ ಒತ್ತಿಹೋಗಿದೆ ಎಂದಿದ್ದಾರೆ, ಆಪರೇಷನ್ ಮಾಡಿದರೂ ಹೋದ ಬಲ ಪೂರ್ತಿ ಬರುವ ಭರವಸೆ ಕೊಟ್ಟಿಲ್ಲ. ಅತ್ತಿಗೆಗೆ ಹೇಳಿಲ್ಲ. ಭುಜ ಎತ್ತುವ ಕೆಲಸ ತಪ್ಪಿದರೆ, ಮೊಣಕೈಗೆ ಊರಲು ಒಂದು ಆಸರೆ ಸಿಕ್ಕರೆ, ಬರೀ ಮಣಿಕಟ್ಟಿನಲ್ಲಿ ಗೇರು ಹಾಕಬಹುದು ಎಂದು ಅವನ ಲೆಕ್ಕಾಚಾರ.

“ಮುಗಿಸ್ಕೊಡು,” ಎಂದ. “ಅದೊಂದು ಗುಡ್ಡ ಬಿಟ್ರೆ ನನಗೆ ಬೇರೇನಿದೆ ಹೇಳು.”

ಸೂಜಿಯ ಒಪ್ಪಿಕೊಳ್ಳುವ ಬಾಯಿ ಆಗ ತೆರೆಯಿತು. ಬೇಡ ಅನ್ನಬೇಕೆಂದು ಅನಿಸಿದ್ದು ನಿಜ. ಆದರೆ ಅಣ್ಣನ ಲೆಕ್ಕಾಚಾರ ತಪ್ಪೆಂದು ಅವನಿಗೆ ಅನಿಸಲಿಲ್ಲ. ಅದು ಇಷ್ಟು ವರ್ಷ ಅವನೇ ಹೇಳಿಕೊಂಡು ಬಂದ ಮಾತು. ತನ್ನ ದಿಂಬಿನಿಂದ ಅಣ್ಣನ ಗುಡ್ಡ ಉಳಿಯುವುದಾದರೆ ಹುಟ್ಟಿದ್ದಕ್ಕೆ ಅದಕ್ಕಿಂತ ಸಾರ್ಥಕ ಏನಿದೆ? ಹೊಲಿಗೆ ಮುಗಿಸಿದ. ಮುಗಿಸಿ, ಒಂದೇ ಒಂದು ಷರತ್ತು ಹಾಕಿದ: ಭಾನುವಾರ ಅತ್ತಿಗೆ ಕೂರುವ ಮುಂಚೆ ಇವತ್ತು ಆ ಸೀಟಿನಲ್ಲಿ ತಾನು ಕೂರುತ್ತೇನೆ.

ಮೊದಲು ಸಪಾಟು ರಸ್ತೆ. ಅಣ್ಣನ ಮೊಣಕೈ ದಿಂಬಿನ ಮೇಲೆ, ಬೆರಳು ಗೇರಿನ ಗುಂಡಿಯ ಮೇಲೆ. ಎರಡು, ಮೂರು, ನಾಲ್ಕು. ಮಣಿಕಟ್ಟು ತಿರುಗಿದ್ದಷ್ಟೇ ಗೊತ್ತು, ಗೇರುಗಳು ಬೆಣ್ಣೆಯಲ್ಲಿ ಚಾಕು ಇಳಿದಂತೆ ಬಿದ್ದವು. ಕಾರು ಹಳೆಯ ದನಿಯಲ್ಲಿ ಗುರುಗುಟ್ಟಿತು. ಅಣ್ಣನ ಮುಖ ಹತ್ತು ವರ್ಷ ಹಿಂದಕ್ಕೆ ಓಡಿತು. ವೈದ್ಯಶಾಸ್ತ್ರ ಕೈಬಿಟ್ಟದ್ದನ್ನು ಫೋಮು ಹಿಡಿದು ನಿಲ್ಲಿಸಿದೆ ಎಂದುಕೊಂಡ ಸೂಜಿ. ಅಣ್ಣ ಬಾಯಿಬಿಟ್ಟು, ಚೆನ್ನಾಗಿದೆ ಕಣೋ ಎಂದ. ಆ ಮಾತಿಗೆ ಸೂಜಿ ಅಷ್ಟು ವರ್ಷ ಕಾದಿದ್ದ. ಅದು ಕಿವಿಗೆ ಬಿದ್ದಾಗ ಅವರು ಆಸ್ಪತ್ರೆಯ ಪಕ್ಕದ ಏರಿಗೆ ಬಂದಿದ್ದರು.

ಏರಿನ ನಡುವೆ ಸಿಗ್ನಲ್ಲು ಕೆಂಪಾಯಿತು. ಅಣ್ಣ ಬ್ರೇಕು ಒತ್ತಿ, ಗೇರನ್ನು ನ್ಯೂಟ್ರಲ್ಲಿಗೆ ತಂದು ನಿಲ್ಲಿಸಿದ. ಹಿಂದೆ ಹಾಲಿನ ವ್ಯಾನೊಂದು ಬಂದು ನಿಂತಿತು. ಹಸಿರಾದಾಗ ಅಣ್ಣ ಮೊದಲ ಗೇರು ಹಾಕಿದ. ಹಾಕಿದೆ ಎಂದುಕೊಂಡ. ಸೂಜಿಗೆ ಕಂಡದ್ದು ಬೇರೆ: ಅಣ್ಣನ ಕೈ ದಿಂಬಿನ ಮೇಲೆ ಹಾಯಾಗಿ ಮಲಗಿತ್ತು, ಮಿಸುಕಿರಲೇ ಇಲ್ಲ. ಅಣ್ಣ ಮುಂದೆ ನೋಡುತ್ತ ಬ್ರೇಕು ಬಿಟ್ಟ. ಇಂಜಿನ್ ಹೂಂಕರಿಸಿತು, ಕಾರು ಹಿಂದಕ್ಕೆ ಜಾರಿತು. ಏನಾಗುತ್ತಿದೆ ಎಂದು ತಿಳಿಯದೆ ಅಣ್ಣ ಸ್ಟೇರಿಂಗ್ ಬಿಟ್ಟು ಬಲಗೈಯಿಂದ ಎಡಗೈಯನ್ನು ಎತ್ತಿ ಗೇರಿನ ಮೇಲೆ ಇಡಲು ಹೋದ. ಕಾರು ಅಡ್ಡಾದಿಡ್ಡಿ ಜಾರುತ್ತಲೇ ಇತ್ತು. ಪಕ್ಕದಲ್ಲಿ ರಸ್ತೆ ದಾಟುತ್ತಿದ್ದ ಹೆಂಗಸೊಬ್ಬಳು ಮಗುವನ್ನು ಎಳೆದುಕೊಂಡು ಫುಟ್‌ಪಾತಿಗೆ ಹಾರಿದಳು. ಸೂಜಿ ಎರಡೂ ಕೈಯಲ್ಲಿ ಹ್ಯಾಂಡ್‌ಬ್ರೇಕು ಎಳೆದ. ಹಾಲಿನ ವ್ಯಾನಿನ ಬಂಪರಿಗೆ ತಗುಲಿ ಕಾರು ನಿಂತಿತು.

ಯಾರಿಗೂ ಏನೂ ಆಗಲಿಲ್ಲ. ಹಾಲಿನ ವ್ಯಾನಿನವನು ಬೈಗುಳವನ್ನು ಬಾಯಿತುಂಬ ತುಂಬಿಕೊಂಡು ಇಳಿದು ಬಂದ. ಕಿಟಕಿಯಲ್ಲಿ ಬಗ್ಗಿ ನೋಡಿದವನಿಗೆ, ಒಬ್ಬ ವಯಸ್ಸಾದವನು ತನ್ನ ಒಂದು ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಕೂತಿದ್ದದ್ದು ಕಂಡಿತು. ತಂದದ್ದನ್ನೆಲ್ಲ ನುಂಗಿಕೊಂಡು ಹಿಂದೆ ಹೋಗಿ, ಉಳಿದ ಗಾಡಿಗಳನ್ನು ಪಕ್ಕದಿಂದ ಕಳಿಸತೊಡಗಿದ.

“ಒಂದಿಂಚು ಎತ್ತರ ಮಾಡು,” ಎಂದ ಅಣ್ಣ. ಅವನ ಕಣ್ಣು ಇನ್ನೂ ಸಿಗ್ನಲ್ಲಿನ ಮೇಲೇ ಇತ್ತು. “ಮೊಣಕೈ ಸ್ವಲ್ಪ ಕೆಳಗಾಯ್ತು, ಅಷ್ಟೇ.”

ಎತ್ತರ ಮಾಡಬಹುದಿತ್ತು. ಒಂದಿಂಚಲ್ಲ, ಕಾಲಿಂಚಿನ ಲೆಕ್ಕದಲ್ಲಿ ಎಂಟು ಬಗೆಯ ಎತ್ತರ ಮಾಡಿ ತೋರಿಸುವ ಕಸುಬುದಾರ ಸೂಜಿ. ಅಣ್ಣ ಕೇಳುತ್ತಿದ್ದದ್ದು ಅವನಿಗೆ ಗೊತ್ತಿದ್ದ ಭಾಷೆಯಲ್ಲೇ. ಅವನು ದಿಂಬಿನ ಮೇಲೆ ತನ್ನ ಕೈಯಿಟ್ಟು ನೋಡಿದ. ಒಂದು ನೂಲಿನ ತಪ್ಪೂ ಇರಲಿಲ್ಲ.

“ಎತ್ತರ ಸರಿಯಾಗೇ ಇದೆ ಅಣ್ಣ. ಇದಕ್ಕಿಂತ ಚೆನ್ನಾಗಿ ನನಗೆ ಮಾಡೋಕೆ ಬರಲ್ಲ. ಈ ಕಾರಿಗೆ ದಿಂಬು ಬೇಡ.”

“ಇಷ್ಟು ವರ್ಷ ಬೇಕು ಬೇಕು ಅಂತ ಪ್ರಾಣ ತಿಂದೆ.”

“ತಿಂದೆ.”

“ಈಗ ಬೇಡ ಅಂತೀಯ.”

“ಬೇಡ ಅಂತೀನಿ. ಇಳಿ ಅಣ್ಣ, ನಾನು ಓಡಿಸ್ತೀನಿ.”

ಅಣ್ಣ ಮೊದಲ ಸಲ ಅವನ ಕಡೆ ತಿರುಗಿದ. ಸೂಜಿಯ ಡ್ರೈವಿಂಗ್ ಊರಿಗೇ ಗೊತ್ತಿದ್ದದ್ದು. ಅವನನ್ನು ಹಿಂದೆ ಹಾಕಿ ಹೋಗುವ ಬಸವನಹುಳುಗಳು ಕ್ಷಮೆ ಕೇಳಿಕೊಂಡು ಹೋಗುತ್ತಿದ್ದವು. ಅಣ್ಣ ಬಾಗಿಲು ತೆರೆದು ಇಳಿದು, ಕಾರಿನ ಮುಂದಿನಿಂದ ಸುತ್ತಿಕೊಂಡು ಬಂದು, ಆ ಕಾರು ಎದ್ದು ನಿಂತ ದಿನದಿಂದ ಒಮ್ಮೆಯೂ ಕೂತಿರದ ಎಡಗಡೆಯ ಸೀಟಿನಲ್ಲಿ ಕೂತ. ಮನೆ ಸೇರುವವರೆಗೂ ಸೂಜಿ ಎರಡನೇ ಗೇರು ದಾಟಲಿಲ್ಲ, ಅಣ್ಣ ಒಂದು ಕೊಂಕು ನುಡಿಯಲಿಲ್ಲ. ಆ ದಾರಿಯಷ್ಟು ಉದ್ದದ ದಾರಿಯನ್ನು ಭೂಮಿಯ ಮೇಲೆ ಇನ್ನೂ ಯಾರೂ ಹಾಕಿಲ್ಲ.

ಅತ್ತಿಗೆ ಮನೆಯ ಮುಂದೆ ವ್ಯಾನಿನ ಕಿಟಕಿ ಒರೆಸುತ್ತಿದ್ದಳು. ಕಾರಿನಲ್ಲಿ ಯಾರು ಎಲ್ಲಿ ಕೂತಿದ್ದಾರೆಂದು ನೋಡಿದಾಗಲೇ ಅವಳ ಕೈ ನಿಂತಿತು. ಅಣ್ಣ ಇಳಿದು ಬಂದು, ಯಾರ ಹೆಸರನ್ನೂ ಅಡ್ಡ ಇಡದೆ ತಾನೇ ಹೇಳಿದ: ಕೈಗೆ ಹೀಗಾಗಿದೆ, ಮಳೆಗಾಲಕ್ಕೆ ಮುಂಚಿನಿಂದ, ಇವತ್ತು ಏರಿನಲ್ಲಿ ಹೀಗಾಯಿತು, ಇನ್ನು ಓಡಿಸುವುದಿಲ್ಲ. ಅತ್ತಿಗೆ ಅಳಲಿಲ್ಲ. ಒದ್ದೆ ಬಟ್ಟೆಯನ್ನು ಮಡಚಿದಳು, ಮತ್ತೆ ಮಡಚಿದಳು.

“ಮಳೆಗಾಲಕ್ಕೆ ಮುಂಚಿನಿಂದ,” ಎಂದಳು. “ನನಗೆ ತಲೆನೋವು ಬಂದ್ರೆ ನಾನು ವ್ಯಾನು ತೆಗೆಯಲ್ಲ. ಒಳಗೆ ಬೇರೆಯವರ ಮಕ್ಕಳು ಕೂತಿರ್ತಾರೆ. ನೀವು ನನ್ನ ಪಕ್ಕದಲ್ಲಿ ಕೂರಿಸ್ಕೊಂಡು ವಾರ ವಾರ ಗುಡ್ಡ ಹತ್ತಿಸಿದ್ರಿ.”

“ಹೇಳಿದ್ರೆ ನೀನು ಕೂರ್ತಿರ್ಲಿಲ್ಲ.”

“ಕೂರ್ತಿರ್ಲಿಲ್ಲ. ನಿಮಗೂ ಕೂರೋಕೆ ಬಿಡ್ತಿರ್ಲಿಲ್ಲ.”

ಆಮೇಲೆ ಅವಳು ಮೈದುನನ ಕಡೆ ತಿರುಗಿ, ನಿನಗೆ ಯಾವಾಗ ಗೊತ್ತಾಯಿತು ಎಂದು ಕೇಳಿದಳು. ದಿಂಬಿನ ಅಂಚು ಹೊಲಿಯುವಾಗ ಎಂದ ಸೂಜಿ. ಗೊತ್ತಾದ ಮೇಲೂ ಹೊಲಿದು ಮುಗಿಸಿದೆಯಾ ಎಂದಳು. ಅವಳು ಕೈ ಚಾಚಿದಳು. ಅವನು ಕಾರಿನ ಕೀಲಿಯನ್ನು ಅದರಲ್ಲಿಟ್ಟು ನಡೆದುಕೊಂಡೇ ಅಂಗಡಿಗೆ ಹೋದ.

ಆಪರೇಷನ್ ಆಯಿತು. ಅಣ್ಣನ ಕೈಗೆ ಲೋಟ ಹಿಡಿಯುವಷ್ಟು ಬಲ ಬಂತು, ಗೇರು ಹಿಡಿಯುವಷ್ಟು ಬರಲಿಲ್ಲ. ಅತ್ತಿಗೆ ಅವನಿಗೆ ಅಂಗಿ ತೊಡಿಸಿದಳು, ಗುಂಡಿ ಹಾಕಿದಳು, ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಮಾತು ಮಾತ್ರ ಆಡಲಿಲ್ಲ. ಕಾರು ಹೊದಿಕೆಯ ಕೆಳಗೆ ಮಲಗಿತು. ಆ ಮನೆಯ ಭಾನುವಾರಗಳು ಸೋಮವಾರಗಳಿಗಿಂತ ಉದ್ದವಾದವು. ಸೂಜಿ ಹೋಗಿ ಬಂದು ಮಾಡುತ್ತಿದ್ದ. ಗಂಡಹೆಂಡಿರ ನಡುವೆ ಮೌನ ಎಷ್ಟು ದಪ್ಪಗಿತ್ತೆಂದರೆ, ಅದನ್ನು ಕತ್ತರಿಸಿದರೆ ನಾಲ್ಕು ಸೀಟಿಗೆ ತುಂಬುವಷ್ಟು ಫೋಮು ಸಿಗುತ್ತಿತ್ತು.

ಒಂದು ಭಾನುವಾರ ಅತ್ತಿಗೆ ತಾನೇ ಹೊದಿಕೆ ಎಳೆದು ಹಾಕಿ, ಸ್ಟೇರಿಂಗ್ ಮುಂದೆ ಕೂತು, ಎಡಗಡೆಯ ಬಾಗಿಲು ಒಳಗಿನಿಂದ ತೆರೆದಿಟ್ಟು ಕಾದಳಂತೆ. ಅಣ್ಣ ಹೋಗಿ ಕೂತ. ಶಾಲೆಯ ಮುಂದೆ ಹೋಗುವ ವೇಗದಲ್ಲೇ ಅವಳು ಗುಡ್ಡ ಹತ್ತಿಸಿದಳು. ಮೇಲೆ ತಲುಪುವಷ್ಟರಲ್ಲಿ ಬುಡದಲ್ಲಿ ನೋಡಿದ್ದ ಮೊಗ್ಗುಗಳು ಕಾಯಾಗಿ ಹಣ್ಣಾಗಿದ್ದವು ಎಂದು ಅಣ್ಣ ಮರುದಿನ ಸೂಜಿಯ ಹತ್ತಿರ ಬಂದು ದೂರಿದ. ಅವನು ದೂರುತ್ತಿದ್ದಾನೆಂದರೆ ಅವಳು ಏನೋ ಒಂದು ಆಡಿದ್ದಾಳೆಂದು ಸೂಜಿ ತಿಳಿದುಕೊಂಡ. ಏನಂದಳು ಎಂದು ಕೇಳಿದ್ದಕ್ಕೆ, ಎರಡನೇ ಗೇರಿಗೆ ಎಳೆದಾಗ ಮೊಣಕೈಗೆ ಬಡಿಯುತ್ತದೆಂದು ನಿನ್ನ ದಿಂಬನ್ನು ಬಿಚ್ಚಿಸಿ ಹಿಂದೆ ಎಸೆದಳು, ಅದೊಂದೇ ಮಾತು ಎಂದ ಅಣ್ಣ. ಕ್ಷಮಿಸಿದಳೋ ಇಲ್ಲವೋ ಎಂದು ಇಬ್ಬರೂ ಬಾಯಿಬಿಟ್ಟು ಆಡಿಕೊಳ್ಳಲಿಲ್ಲ.

ಗ್ಯಾರೇಜಿನ ಕೆಲಸ ಬಿಟ್ಟ ಮೇಲೆ ಅಣ್ಣ ಬೆಳಿಗ್ಗೆಗಳನ್ನು ಸೂಜಿಯ ಅಂಗಡಿಯಲ್ಲಿ ಕಳೆಯತೊಡಗಿದ. ಹಂದರದ ಮೇಲೆ ಚರ್ಮ ಬಿಗಿಯುವಾಗ ಒಂದು ತುದಿ ಎಳೆದು ಹಿಡಿಯಲು ಇನ್ನೊಬ್ಬರು ಬೇಕು. ಅವನು ಬಲಗೈಯಲ್ಲಿ ಹಿಡಿಯುತ್ತಿದ್ದ. ಅಂಥ ಒಂದು ಬೆಳಿಗ್ಗೆ ಹೊಸ ಸ್ಪೋರ್ಟ್ಸ್ ಕಾರೊಂದು ಬಂದು ನಿಂತಿತು. ಅದರ ಯಜಮಾನರು ಒಳಗೆ ಬಂದು, ಕಾರು ಎಲ್ಲ ಸರಿ, ನಡುವೆ ಆರ್ಮ್‌ರೆಸ್ಟ್ ಕೊಟ್ಟಿಲ್ಲ, ಇಂಥ ಕಾರಿಗೆ ಅದು ಬೇಕೋ ಬೇಡವೋ ನೀವೇ ಹೇಳಿ ಎಂದರು. ಸೂಜಿ ಅಣ್ಣನನ್ನು ನೋಡಿದ. ಅಣ್ಣ ಕೈಯಲ್ಲಿದ್ದ ಚರ್ಮದ ಅಂಚು ನೋಡಿದ.

“ಕೈ ಚೆನ್ನಾಗಿದ್ರೆ ಬೇಡ,” ಎಂದ ಅಣ್ಣ.

“ಚೆನ್ನಾಗಿಲ್ಲ ಅಂದ್ರೆ?” ಎಂದರು ಅವರು.

“ಆಗ ಕಾರು ಬೇಡ.”

ಯಜಮಾನರು ನಕ್ಕರು, ಇದು ಅಂಗಡಿಯವರ ತಮಾಷೆ ಇರಬೇಕೆಂದುಕೊಂಡರು. ಸೂಜಿ ನಗಲಿಲ್ಲ. ದೂರದ ನೇರ ದಾರಿಗೆ ಹೋಗುವವರಾದರೆ, ಬೇಡವಾದಾಗ ಹಿಂದಕ್ಕೆ ಮಡಚುವಂಥದ್ದು ಮಾಡಿಕೊಡಬಹುದು ಎಂದ. ಎದ್ದು ಬಂದು, ಅವರ ಎಡಗೈಯನ್ನು ತನ್ನ ಅಂಗೈ ಮೇಲೆ ಇಟ್ಟುಕೊಂಡು, ಆಚೆ ನೋಡಿ ಎಂದು ಹೇಳಿ, ಕಿರುಬೆರಳಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿದ.

“ಇದು ಗೊತ್ತಾಗುತ್ತಾ?”

“ಗೊತ್ತಾಗುತ್ತೆ,” ಎಂದರು ಅವರು, ಬೆರಗಿನಿಂದ.

ಸೂಜಿ ಪಕ್ಕದ ಬೆರಳಿಗೆ ಹೋದ. ಅಣ್ಣ ಚರ್ಮದ ತುದಿಯನ್ನು ಹಿಡಿದುಕೊಂಡು, ಆ ಕೈಯನ್ನೇ ನೋಡುತ್ತ, ಪ್ರತಿ ಬೆರಳಿನ ಉತ್ತರ ಬರುವವರೆಗೂ ಉಸಿರು ಬಿಗಿಹಿಡಿದು ಕಾದ.